ಯೂಷವೂ ಸಾರೂ

ಆಶ್ವಯುಜ ಮಾಸವು ಕಾಲಿಟ್ಟು ಮಳೆ ಹಿಂಜರಿದೊಡನೆ ಹಗಲಿನ ಬಿಸಿಲು ಚುರುಕಾಗಿ ಇರುಳಿನ ಗಾಳಿ ತಣ್ಣಗಾಗುವುದು. ಕನ್ನಡನಾಡಿನ ಮನೆಮನೆಗಳಲ್ಲಿ ಆಗ ಮೆಣಸುಸಾರು, ಹೆಸರಿನ ಕಟ್ಟು, ಹುರುಳಿಯ ಕಟ್ಟುಗಳಿಗೆ ಮನಸ್ಸು ಹರಿಯುವುದು ಸಹಜ. ಹೋಳಿಗೆ ಕಡುಬುಗಳಿಗೆ ಸಲ್ಲುವ ಗೌರವವು ಸಾರಿಗೆ ಸಂದಿಲ್ಲ. ಅದು ನಿತ್ಯದ ವಸ್ತು. ಬಡವನ ಮನೆಯಲ್ಲಿಯೂ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಕಾಣುವ ವಸ್ತು. ಆದರೆ ಇದರ ಪೂರ್ವೋತ್ತರವನ್ನು ವಿಚಾರಿಸಿದರೆ, ಅಲ್ಪವೆಂದು ತೋರುವ ಈ ಪದಾರ್ಥದ ಹಿಂದೆ ದೊಡ್ಡದೊಂದು ವಿವೇಕವು ಅಡಗಿರುವುದು ಗೋಚರವಾಗುವುದು.

ಮೊದಲು ಶಬ್ದದ ವಿಚಾರ. ಸಂಸ್ಕೃತದಲ್ಲಿ ಬೇಯಿಸಿದ ಬೇಳೆಯ ವ್ಯಂಜನಕ್ಕೆ 'ಸೂಪ'ವೆಂದು ಹೆಸರು. ಅಡಿಗೆಯವನು ಸೂಪಕಾರ, ಪಾಕವಿದ್ಯೆಯು ಸೂಪಶಾಸ್ತ್ರ. ಇಂಗ್ಲಿಷರ 'ಸೂಪ್' ಎಂಬ ಮಾತು ಇದರಿಂದಲೇ ಹುಟ್ಟಿತೆಂದು ಕೆಲವರು ಭ್ರಮಿಸುವುದುಂಟು. ಅದು ಸರಿಯಲ್ಲ. ಆ ಪದವು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದುದು. ರಸದಲ್ಲಿ ನೆನೆಸಿದ ರೊಟ್ಟಿಯ ತುಂಡೆಂಬುದು ಅದರ ಹಳೆಯ ಅರ್ಥ. ಧ್ವನಿಸಾಮ್ಯ ಮಾತ್ರದಿಂದ ಬಂಧುತ್ವವನ್ನು ಕಲ್ಪಿಸಲಾಗದು. ಕನ್ನಡದ 'ಸಾರು' ದ್ರಾವಿಡ ಶಬ್ದ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದರ ಸೋದರಪದಗಳುಂಟು. ಹಿಂಡಿದ ರಸ, ತಿರುಳಿನ ನೀರು ಎಂಬುದೇ ಅದರ ಮೂಲಭಾವ. ತಮಿಳರು ಅದನ್ನೇ 'ರಸಂ' ಎನ್ನುವರು. ಹೆಸರು ಎರಡಾದರೂ ಭಾವವು ಒಂದೇ.

ಶಾಸ್ತ್ರದಲ್ಲಿ ಸಾರಿಗೆ ಅತ್ಯಂತ ಸಮೀಪವಾದುದು 'ಯೂಷ'. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯವು 28 ಬಗೆಯ ಯವಾಗುಗಳನ್ನು, ಎಂದರೆ ಗಂಜಿಗಳನ್ನು ಹೇಳುತ್ತದೆ. ಆಹಾರವನ್ನು ಕುರಿತ 27ನೆಯ ಅಧ್ಯಾಯದಲ್ಲಿ ಪೇಯಾ, ವಿಲೇಪಿ, ಮಂಡ, ಯೂಷಗಳ ಗುಣಗಳು ವಿವೇಚಿತವಾಗಿವೆ. ಬೇಳೆಕಾಳನ್ನು ಬಹುನೀರಿನಲ್ಲಿ ಬೇಯಿಸಿ ಪಡೆದ ತಿಳಿಯೇ ಯೂಷ. ಉಪ್ಪು, ಜಿಡ್ಡು, ಖಾರಗಳಿಲ್ಲದುದು ಅಕೃತಯೂಷ. ಅವುಗಳಿಂದ ಸಂಸ್ಕಾರಗೊಂಡುದು ಕೃತಯೂಷ. ಇಂದಿಗೂ ಗೃಹಿಣಿಯು ಬಸಿದಿಡುವ ಬರಿಯ ಕಟ್ಟು ಮೊದಲನೆಯದಕ್ಕೂ, ಒಗ್ಗರಣೆ ಬಿದ್ದ ಸಾರು ಎರಡನೆಯದಕ್ಕೂ ನಿದರ್ಶನವಾಗಿವೆ. ಹೆಸರಿನ ಯೂಷವು ಲಘುವೂ ಶೀತವೂ ಆದುದರಿಂದ, ಮಳೆಗಾಲದಲ್ಲಿ ಸಂಚಿತವಾದ ಪಿತ್ತವು ಕೆರಳುವ ಶರತ್ಕಾಲಕ್ಕೆ ಅದು ಒಪ್ಪುವುದು. ಉಷ್ಣವೀರ್ಯವಾದ ಹುರುಳಿಯು ಕಫವಾತಗಳನ್ನು ತಗ್ಗಿಸುವುದಾಗಿ, ಚಳಿ ಬಲಿತ ಮೇಲೆ ಹಿತಕರವಾಗುವುದು.

ಚಿಕಿತ್ಸೆಯಿಂದ ದೇಹಶುದ್ಧಿಯಾದವನಿಗೆ ಕೂಡಲೆ ಅನ್ನವನ್ನಿಕ್ಕಬಾರದೆಂದು ಚರಕಸಂಹಿತೆಯ ಸಿದ್ಧಿಸ್ಥಾನವು ವಿಧಿಸುತ್ತದೆ. ಮೊದಲು ಪೇಯಾ, ಬಳಿಕ ವಿಲೇಪಿ, ಬಳಿಕ ಅಕೃತಯೂಷ, ಅನಂತರ ಕೃತಯೂಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಉತ್ತಮ ಶುದ್ಧಿಯಾದವನಿಗೆ ಒಂದೊಂದನ್ನೂ ಮೂರು ಭೋಜನಕಾಲಗಳಲ್ಲಿ ಕೊಡಬೇಕು. ಸಣ್ಣ ಕಿಡಿಯನ್ನು ಹುಲ್ಲು ಬೆರಣಿಗಳಿಂದ ಮೆಲ್ಲಮೆಲ್ಲನೆ ಹೊತ್ತಿಸುವಂತೆ ಜಠರಾಗ್ನಿಯನ್ನೂ ಬೆಳೆಸಬೇಕೆಂಬುದು ಅಲ್ಲಿಯ ದೃಷ್ಟಾಂತ. ಇದಕ್ಕೆ ಸಂಸರ್ಜನಕ್ರಮವೆಂದು ಹೆಸರು.

ಕನ್ನಡನಾಡು ಪಾಕಶಾಸ್ತ್ರದಲ್ಲಿ ಹಿಂದುಳಿದುದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೂ ಸ್ಥಾನವುಂಟು. ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 1129ರ ಸುಮಾರಿನದು. ಅದರ ಅನ್ನಭೋಗ ಪ್ರಕರಣವು ಅರಮನೆಯ ಊಟವನ್ನು ವರ್ಣಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದನು. ಚಾವುಂಡರಾಯ ಸೋಮೇಶ್ವರರ ಕಾಲದಲ್ಲಿ ಮೆಣಸಿನಕಾಯಿಯಾಗಲಿ ಟೊಮೇಟೊ ಹಣ್ಣಾಗಲಿ ಈ ದೇಶದಲ್ಲಿ ಇರಲಿಲ್ಲ. ಅವೆರಡೂ ಅಮೆರಿಕ ಖಂಡದವು, ಐರೋಪ್ಯರ ಹಡಗುಗಳು ಬಂದ ಮೇಲೆ ಇಲ್ಲಿಗೆ ತಲಪಿದವು. ಅದಕ್ಕೆ ಮೊದಲು ಖಾರಕ್ಕೆ ಮೆಣಸು ಶುಂಠಿಗಳೇ ಗತಿ. ಹೊಸ ಕಾಯಿಯು ಹಳೆಯ ಮೆಣಸಿನ ಹೆಸರನ್ನೇ ಪಡೆದು 'ಮೆಣಸಿನಕಾಯಿ' ಎನಿಸಿತು.

ಆ ಹಳೆಯ ಮೆಣಸಿನ ನೀರು ಸಮುದ್ರವನ್ನೂ ದಾಟಿತು. ತಮಿಳಿನ 'ಮಿಳಗುತಣ್ಣೀರ್' ಇಂಗ್ಲಿಷರ ಬಾಯಲ್ಲಿ 'ಮುಲ್ಲಿಗಟಾನಿ'ಯಾಯಿತು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಈ ಶಬ್ದಕ್ಕೆ ಉದಾಹರಿಸಿರುವ 1784ರ ಪದ್ಯವೊಂದು, ಹೈದರಾಲಿಯ ಸೆರೆಯಾಳಾಗಿದ್ದ ನೌಕಾದಳದವನೊಬ್ಬನದು. ಬೆಂಗಳೂರಿನ ಸೆರೆಮನೆಯಲ್ಲಿ ಈ ಸಾರೋ ಇಲ್ಲವೆ ಗಂಜಿಯೋ ತಮಗೆ ಊಟವೆಂದು ಆತನ ಗೊಣಗಾಟ. ಸೆರೆಯವನು ಹಳಿದ ಆ ಸಾರು ಮುಂದೆ ಇಂಗ್ಲೆಂಡಿನ ಸಿರಿವಂತರ ಮೇಜಿಗೇರಿದುದು ಕಾಲದ ವಿನೋದವೇ ಸರಿ.

ಆದರೆ ಗಂಜಿ ಸಾರುಗಳ ಕಥೆಯೆಲ್ಲವೂ ವಿನೋದವಲ್ಲ. 1876-78ರ ಮಹಾಕ್ಷಾಮವು ಮೈಸೂರನ್ನೂ ಮದರಾಸು ಪ್ರಾಂತವನ್ನೂ ಹಿಂಡಿಬಿಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿಯಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲನು ಮದರಾಸಿನ ಪರಿಹಾರಕಾರ್ಯದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪಹಣಕ್ಕೆ ಕುಗ್ಗಿಸಿದನು. ದುಡಿಯುವ ದೇಹಕ್ಕೆ ಇಷ್ಟು ಸಾಲದು, ಬೇಳೆಕಾಳೂ ಬೇಕು ಎಂದು ಆ ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ಹಣದ ಉಳಿತಾಯ ಮುಖ್ಯವೋ, ಬಡವನ ಬೋಗುಣಿಯ ಬೇಳೆ ಮುಖ್ಯವೋ ಎಂಬುದೇ ಅಂದಿನ ವಾದದ ತಿರುಳು. ಕೆಲವು ತಿಂಗಳಲ್ಲಿ ಆ ಪ್ರಮಾಣವನ್ನು ಸಡಿಲಿಸಬೇಕಾಯಿತು. ಅಷ್ಟರಲ್ಲಿ ಸತ್ತವರು ಮರಳಲಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಸುಮಾರಿಗೆ, ಇನ್ನೊಂದು ಸಂಗತಿಯು ವೈದ್ಯರ ಗಮನಕ್ಕೆ ಬಂದಿತು. ಬಹುಕಾಲ ಹಸಿದಿದ್ದ ಬಂದಿಗಳಿಗೆ ಒಮ್ಮೆಗೇ ಹೊಟ್ಟೆತುಂಬ ಉಣಿಸಿದಾಗ ಕೆಲವರು ಪ್ರಾಣಬಿಟ್ಟರು. ಹಸಿದವನಿಗೆ ಸ್ವಲ್ಪಸ್ವಲ್ಪವಾಗಿ ಆಹಾರವನ್ನು ಹೆಚ್ಚಿಸಬೇಕೆಂಬುದು ಈಗ ಆಧುನಿಕ ವೈದ್ಯದ ನಿಯಮ. ಅದರ ಕಾರಣವನ್ನು ಇಂದಿನವರು ರಕ್ತದಲ್ಲಿಯ ಲವಣಗಳ ಏರುಪೇರಿನಿಂದ ವಿವರಿಸುವರು, ಪ್ರಾಚೀನರು ಅಗ್ನಿಯ ದೃಷ್ಟಾಂತದಿಂದ ವಿವರಿಸಿದರು. ವಿವರಣೆ ಬೇರೆ, ಎಚ್ಚರಿಕೆ ಒಂದೇ.

ಈ ಎಚ್ಚರಿಕೆಯನ್ನು ಓದುಬರಹವಿಲ್ಲದ ತಾಯಂದಿರೂ ಉಳಿಸಿಕೊಂಡು ಬಂದರು. ಹೋಳಿಗೆಗೆ ಬೇಯಿಸಿದ ಬೇಳೆಯ ನೀರನ್ನು ಚೆಲ್ಲದೆ ಒಬ್ಬಟ್ಟಿನ ಸಾರನ್ನು ಮಾಡಿದರು. ಸೊಪ್ಪು ಕಾಳುಗಳನ್ನು ಬಸಿದ ನೀರನ್ನು ಬಸ್ಸಾರಾಗಿಸಿ ರಾಗಿಮುದ್ದೆಗೆ ಜೊತೆಗೂಡಿಸಿದರು. ಚಳಿಗಾಲದ ಅವರೆಯನ್ನು ಹಿತಕಿ ಸಾರಿಗಿಟ್ಟರು. ಜ್ವರ ಬಿಟ್ಟ ಮಗುವಿಗೆ ಮೊದಲು ಗಂಜಿಯ ತಿಳಿ, ಮರುದಿನ ಬೇಳೆಯ ಕಟ್ಟು, ಆಮೇಲೆ ಸಾರನ್ನವೆಂದು ಕ್ರಮವಿಟ್ಟರು. ಸಂಹಿತೆಯು ಸೂತ್ರದಲ್ಲಿ ಹೇಳಿದುದನ್ನು ಒಲೆಯ ಮುಂದಿನ ಪರಂಪರೆಯು ಸೌಟಿನಿಂದ ನಡೆಸಿಕೊಂಡು ಬಂದಿದೆ. ಸಾರನ್ನು ಅಲ್ಪವೆನ್ನುವವರು ಇದನ್ನು ಮನಗಾಣುವುದು ಒಳ್ಳೆಯದು.