ಗೌರವಧನವೆಂಬ ಕೂಲಿ

ಶಬ್ದಾರ್ಥದ ಪಲ್ಲಟವನ್ನು ಕುರಿತು ಪಾಠ ಹೇಳುವಾಗಲೆಲ್ಲ ನನಗೆ 'ಗೌರವಧನ'ದ ನೆನಪಾಗುತ್ತದೆ. ಉಪನ್ಯಾಸ ಮುಗಿಸಿದ ವಿದ್ವಾಂಸರಿಗೆ ಫಲತಾಂಬೂಲದೊಡನೆ ಸಲ್ಲುವ ಹಣಕ್ಕೆ ಅದು ಒಪ್ಪುವ ಹೆಸರೇ. ದಿನದಿನವೂ ದುಡಿಯುವ ಹೆಂಗಸಿನ ಸಂಬಳಕ್ಕೆ ಅದೇ ಹೆಸರಿಟ್ಟರೋ, ಗೌರವ ಕೊಟ್ಟಂತೆ ಮಾಡಿ ಹಕ್ಕನ್ನು ಕಿತ್ತುಕೊಂಡ ಹಾಗಾಯಿತು.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಮುಂದೆ ಅವು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಊರುಗಳಿಗೂ ಕೋಟೆಯ ಹಾಡಿಗಳಿಗೂ ಬಂದವು. ಇಲ್ಲಿ ತಾಯಂದಿರು ಹೊಗೆಸೊಪ್ಪು ಮುರಿಯಲು ಹೊರಟರೆ ಕೂಸು ಅಂಗನವಾಡಿಯ ಪಾಲು. ಉಣಿಸುವುದು, ತೂಗುವುದು, ಅಕ್ಷರ ಕಲಿಸುವುದು, ಸಾಲದ್ದಕ್ಕೆ ಸರ್ಕಾರದ ಗಣತಿ ಕೆಲಸ, ಎಲ್ಲವೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಹೆಗಲ ಮೇಲೆ.

ಆದರೂ 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಇವರದು ಸರ್ಕಾರಿ ಹುದ್ದೆಯಲ್ಲವೆಂದಿತು.

ಇಂಥವರನ್ನು ಸಂಘ ಕಟ್ಟಲು ಹೊರಟವರು ಎಸ್. ವರಲಕ್ಷ್ಮಿಯವರು, ರಾಜ್ಯ ಅಂಗನವಾಡಿ ನೌಕರರ ಸಂಘದ ಅಧ್ಯಕ್ಷೆಯಾಗಿ, ಮುಂದೆ ಸಿಐಟಿಯು ರಾಜ್ಯಾಧ್ಯಕ್ಷೆಯೂ ಆದವರು. ಗಿರಣಿಯ ಕಾರ್ಮಿಕರಾದರೆ ಸಂಜೆಯ ಸೈರನ್ನಿಗೆ ಒಂದೇ ಬಾಗಿಲಲ್ಲಿ ಸಾವಿರ ಮಂದಿ ಸಿಕ್ಕುತ್ತಾರೆ. ಇಲ್ಲಿ ಊರಿಗೊಬ್ಬಳು, ಅವಳ ಮೇಲೆ ಊರವರದೆಲ್ಲ ಕಣ್ಣು! ಸಂಘಟನೆಯ ಕಷ್ಟವನ್ನು ಓದುಗರೇ ಊಹಿಸಿಕೊಳ್ಳಬೇಕು. 2017ರ ಮಾರ್ಚಿಯಲ್ಲಿ ಈ ಚದುರಿದ ಹೆಂಗಸರು ಬೆಂಗಳೂರಿನಲ್ಲಿ ಒಂದಾದರು. ಆಗ ಗೌರವಧನ 6,000 ರೂಪಾಯಿ; ಕೇಳಿದ್ದು 10,000. ಹಿಂದೆ ಸೆರೆಮನೆಯಾಗಿದ್ದ ಫ್ರೀಡಂ ಪಾರ್ಕಿನ ಸುತ್ತಿನ ರಸ್ತೆಯಲ್ಲೇ ಉಂಡು, ಅಲ್ಲೇ ರಾತ್ರಿ ಮಲಗಿದರು. ವಾಹನಸಂಚಾರಕ್ಕೆ ಅಡ್ಡಿಯಾಯಿತೆಂದು ನಗರದವರು ಗೊಣಗಿದ್ದೂ ಉಂಟು. ಗೊಣಗಿದವರಲ್ಲಿ ಯಾರ ಮಗುವೂ ಹಾಡಿಯ ಅಂಗನವಾಡಿಯಲ್ಲಿ ಉಣ್ಣುತ್ತಿರಲಿಲ್ಲ.

ಹಣವೇನೋ ಏರಿತು, ಹೆಸರು ಹಾಗೆಯೇ ಉಳಿಯಿತು. 2022ರ ಏಪ್ರಿಲ್ 25ರಂದು, ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರು ಆ ಶಬ್ದದ ಗಂಟನ್ನು ಬಿಡಿಸಿದರು: 1972ರ ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ. ಆದರೆ ತೀರ್ಪು ಬಂದ ಮಾತ್ರಕ್ಕೆ ಹಣ ಬರುವುದುಂಟೆ? 2023ರ ಜನವರಿಯ ಚಳಿಯಲ್ಲಿ ವರಲಕ್ಷ್ಮಿಯವರ ಮುಂದಾಳ್ತನದಲ್ಲಿ ಹೆಂಗಸರು ಮತ್ತೆ ಫ್ರೀಡಂ ಪಾರ್ಕಿಗೆ ಬಂದು ಕುಳಿತರು. ಕೊನೆಗೆ ಸರ್ಕಾರ ಒಪ್ಪಿತು. ದುಡಿದ ಒಂದೊಂದು ವರ್ಷಕ್ಕೆ 15 ದಿನದ ವೇತನ, ಕಾಯಿದೆಯ ಲೆಕ್ಕ ಅಷ್ಟೆ.