ನೇಮದಿಂದ ಲೆಕ್ಕಕ್ಕೆ: ಬೆಳಗಾವಿ ಅಧಿವೇಶನದ ನೂಲಿನ ಷರತ್ತು

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನವು ಕನ್ನಡಿಗರ ನೆನಪಿನಲ್ಲಿ ಹಲವು ಕಾರಣಗಳಿಂದ ಉಳಿದಿದೆ. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಸಂಘಟನಾ ಸಾಮರ್ಥ್ಯ, ವಿಜಯನಗರವೆಂದು ಹೆಸರಿಟ್ಟ ನೆಲೆ, ನೀರಿಗಾಗಿ ತೋಡಿದ ಬಾವಿ, ಕರ್ನಾಟಕ ಏಕೀಕರಣದ ಆಶಯಕ್ಕೆ ದೊರೆತ ಬಲ, ಇವೆಲ್ಲವನ್ನೂ ನಮ್ಮ ಇತಿಹಾಸಕಾರರು ವಿಸ್ತಾರವಾಗಿಯೇ ಬರೆದಿದ್ದಾರೆ. ಆದರೆ ಆ ಅಧಿವೇಶನವು ಅಂಗೀಕರಿಸಿದ ಒಂದು ನಿಯಮದ ವಿಷಯದಲ್ಲಿ ಸ್ಮರಣಲೇಖನಗಳು ಒಂದೆರಡು ವಾಕ್ಯಗಳಿಗೆ ತೃಪ್ತವಾಗುತ್ತವೆ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2000 ಗಜ ನೂಲನ್ನು ಒಪ್ಪಿಸಬೇಕೆಂಬುದೇ ಆ ನಿಯಮ. ಒಬ್ಬ ವ್ಯಕ್ತಿ ತನ್ನ ಮನೆಯ ಮೂಲೆಯಲ್ಲಿ ದಿನದಿನವೂ ಏನು ಮಾಡಬೇಕೆಂಬುದನ್ನು ಒಂದು ರಾಜಕೀಯ ಸಂಸ್ಥೆ ಗೊತ್ತುಪಡಿಸಿ, ಅದರ ಲೆಕ್ಕವನ್ನು ಪ್ರತಿ ತಿಂಗಳೂ ಕೇಳಿದ ಈ ಪ್ರಸಂಗವನ್ನು ಸ್ವಲ್ಪ ನಿಂತು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ದಿನಚರಿಯನ್ನು ಕಟ್ಟುಪಾಡಿಗೆ ಒಳಪಡಿಸಿಕೊಳ್ಳುವ ಹಂಬಲ ನಮಗೆ ಹೊಸದಲ್ಲ. ಕನ್ನಡದಲ್ಲಿ ಅದಕ್ಕೆ ‘ನೇಮ’ ಎಂಬ ಚಿಕ್ಕ ಮಾತು ಇದೆ. ಸಂಸ್ಕೃತದ ನಿಯಮವೇ ನಾಲಗೆಯ ಮೇಲೆ ಸವೆದು ನೇಮವಾಗಿರುವುದಾದರೂ ಎರಡರ ಅರ್ಥಛಾಯೆ ಒಂದೇ ಅಲ್ಲ. ನಿಯಮ ಹೊರಗಿನಿಂದ ಬರಬಹುದು. ನೇಮವನ್ನು ಮನುಷ್ಯ ತಾನೇ ಹಿಡಿಯುತ್ತಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವ್ರತನೇಮಗಳ ಪ್ರಶ್ನೆ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಅಕ್ಕಮ್ಮನ ವಚನಗಳೇ ಸಾಕ್ಷಿ. ಆಕೆಯ ವಚನರಾಶಿಯ ಬಹುಭಾಗ ವ್ರತಾಚಾರದ ವಿಚಾರಕ್ಕೆ ಮೀಸಲಾಗಿದೆ. ಆದರೆ ಆ ವ್ರತಗಳ ಸಾಕ್ಷಿ ವ್ರತಿಯ ಮನಸ್ಸು, ಹೆಚ್ಚೆಂದರೆ ಅವನ ಸುತ್ತಲಿನ ಶರಣಸಂಗ. ಅದನ್ನು ಅಂಕಿಯಲ್ಲಿ ಬರೆದು ಕಳಿಸಬೇಕಾದ ಕಚೇರಿ ಇರಲಿಲ್ಲ.

ಅಭ್ಯಾಸವನ್ನು ಎಣಿಸಿ ಬರೆಯುವ ಪದ್ಧತಿ ಬೇರೊಂದು ದಿಕ್ಕಿನಿಂದ ಬಂದದ್ದು. ಹದಿನೆಂಟನೆಯ ಶತಮಾನದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 13 ಸದ್ಗುಣಗಳ ಪಟ್ಟಿ ಮಾಡಿ, ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೀಚಿ, ತಪ್ಪಿದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದುದನ್ನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸ್ಯಾಮ್ಯುಯೆಲ್ ಸ್ಮೈಲ್ಸ್‌ನ ‘ಸೆಲ್ಫ್ ಹೆಲ್ಪ್’ 1859ರಲ್ಲಿ ಪ್ರಕಟವಾದ ಮೇಲೆ ಈ ಬಗೆಯ ಬೋಧೆ ಆಂಗ್ಲ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ಫ್ರಾಂಕ್ಲಿನ್ ಮಾತ್ರ ಒಂದು ವಿಷಯದಲ್ಲಿ ಪ್ರಾಮಾಣಿಕ. ವಸ್ತುಗಳನ್ನೂ ವೇಳೆಯನ್ನೂ ಕ್ರಮವಾಗಿ ಇಟ್ಟುಕೊಳ್ಳುವ ಗುಣ ತನಗೆ ಕೊನೆಯವರೆಗೂ ಸಿದ್ಧಿಸಲಿಲ್ಲವೆಂದು ಅವನು ಒಪ್ಪಿಕೊಂಡಿದ್ದಾನೆ. ಅವನ ಅನುಯಾಯಿಗಳು ಈ ಪುಟವನ್ನು ಅಷ್ಟಾಗಿ ಉಲ್ಲೇಖಿಸುವುದಿಲ್ಲ.

ಗಾಂಧೀಜಿಯವರಲ್ಲಿ ಈ ಎರಡು ಧಾರೆಗಳೂ ಕೂಡಿಕೊಂಡಿದ್ದವು. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ತರುಣನು ಸಭ್ಯ ಗೃಹಸ್ಥನಾಗುವ ಆಸೆಯಿಂದ ಪಿಟೀಲು, ನೃತ್ಯ, ಭಾಷಣಕಲೆಗಳ ಪಾಠ ಹೇಳಿಸಿಕೊಂಡು, ಸುಮಾರು ಮೂರು ತಿಂಗಳಲ್ಲಿ ಅದನ್ನು ಕೈಬಿಟ್ಟು, ಕಾಸುಕಾಸಿನ ಲೆಕ್ಕ ಬರೆದಿಡುವ ಇನ್ನೊಂದು ಬಗೆಯ ಆತ್ಮಸುಧಾರಣೆಗೆ ತಿರುಗಿದ ಕಥೆ ಪ್ರಸಿದ್ಧ. ಅದಕ್ಕಿಂತ ಕುತೂಹಲಕರವಾದದ್ದು ದಕ್ಷಿಣ ಆಫ್ರಿಕದ ದಿನಗಳ ಒಂದು ವಿವರ. ಬೆಳಗಿನ ಹಲ್ಲುಜ್ಜುವಿಕೆಗೆ 15 ನಿಮಿಷ, ಸ್ನಾನಕ್ಕೆ 20 ನಿಮಿಷ ಹಿಡಿಯುತ್ತಿದ್ದುದರಿಂದ, ಆ ಹೊತ್ತು ವ್ಯರ್ಥವಾಗಬಾರದೆಂದು ಅವರು ಎದುರಿನ ಗೋಡೆಗೆ ಗೀತೆಯ ಶ್ಲೋಕಗಳ ಚೀಟಿ ಅಂಟಿಸಿ, ಹೀಗೆಯೇ 13 ಅಧ್ಯಾಯಗಳನ್ನು ಕಂಠಪಾಠ ಮಾಡಿದರು. ಒಂದು ಹಳೆಯ ಅಭ್ಯಾಸಕ್ಕೆ ಹೊಸ ಅಭ್ಯಾಸವನ್ನು ಪೋಣಿಸಬೇಕೆಂದು ಇಂದು ವ್ಯಕ್ತಿತ್ವ ವಿಕಸನದ ಪುಸ್ತಕಗಳು ಉಪದೇಶಿಸುವ ಉಪಾಯವನ್ನು ಅವರು ನೂರು ವರ್ಷಗಳ ಹಿಂದೆಯೇ ಬಚ್ಚಲುಮನೆಯಲ್ಲಿ ಕಂಡುಕೊಂಡಿದ್ದರು ಎನ್ನಬಹುದು. ಇದುವರೆಗಿನದು ಒಬ್ಬ ಮನುಷ್ಯನ ಖಾಸಗಿ ನೇಮ. 1915ರಲ್ಲಿ ಕೋಚರಬ್‌ನಲ್ಲಿಯೂ 1917ರಿಂದ ಸಾಬರಮತಿಯಲ್ಲಿಯೂ ನೆಲೆಗೊಂಡ ಆಶ್ರಮದಲ್ಲಿ ಅದು ಒಂದು ಸಮುದಾಯದ ನೇಮವಾಯಿತು. ಆದರೂ ಅಲ್ಲಿಗೆ ಬಂದವರು ಆ ಕಟ್ಟುಪಾಡನ್ನು ಬಯಸಿಯೇ ಬಂದವರು.

ಪ್ರಶ್ನೆ ಹುಟ್ಟಿದ್ದು ಈ ನೇಮ ಆಶ್ರಮದ ಬೇಲಿಯನ್ನು ದಾಟಿದಾಗ. 1924ರ ಜೂನ್ ತಿಂಗಳಲ್ಲಿ ಅಹಮದಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಮುಂದೆ ಗಾಂಧೀಜಿ ಒಂದು ಗೊತ್ತುವಳಿ ತಂದರು. ಕಾಂಗ್ರೆಸ್ಸಿನ ಚುನಾಯಿತ ಪ್ರತಿನಿಧಿಗಳೆಲ್ಲರೂ ದಿನಕ್ಕೆ ಕನಿಷ್ಠ ಅರ್ಧ ಗಂಟೆ ನೂಲಬೇಕು, ತಿಂಗಳಿಗೆ 2000 ಗಜ ಸಮನಾದ ನೂಲನ್ನು ಖಾದಿ ಮಂಡಲಿಗೆ ಕಳಿಸಬೇಕು, ತಪ್ಪಿದವರ ಸ್ಥಾನ ತೆರವಾದಂತೆ ಎಂಬುದು ಅದರ ಸಾರ. ಮೋತಿಲಾಲ್ ನೆಹರು ಮತ್ತು ಚಿತ್ತರಂಜನ ದಾಸರ ನೇತೃತ್ವದ ಸ್ವರಾಜ್ಯ ಪಕ್ಷದವರು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಗೊತ್ತುವಳಿಗೆ ಬಹುಮತ ಸಿಕ್ಕಿತು. ಆದರೆ ಹೊರನಡೆದವರು ಒಳಗಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದ ಗಾಂಧೀಜಿ, ದಂಡನೆಯ ಮಾತನ್ನು ತಾವಾಗಿಯೇ ತೆಗೆಸಿಹಾಕಿದರು. ಈ ಸಭೆಯ ಬಗ್ಗೆ ಅವರು ‘ಯಂಗ್ ಇಂಡಿಯಾ’ದಲ್ಲಿ ಬರೆದ ಲೇಖನದ ಶೀರ್ಷಿಕೆಯೇ ತಾವು ಸೋತು ಕುಗ್ಗಿದ್ದನ್ನು ಸಾರುತ್ತಿತ್ತು. ಬಲವಂತದ ಮುಳ್ಳು ಆ ಹೊತ್ತಿಗೆ ಅವರನ್ನೂ ಚುಚ್ಚಿತ್ತು.

ಆದರೂ ಕಲ್ಪನೆ ಅಲ್ಲಿಗೆ ನಿಲ್ಲಲಿಲ್ಲ. ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಂಧಿ, ದಾಸ್, ಮೋತಿಲಾಲರ ನಡುವೆ ಒಪ್ಪಂದವಾಯಿತು. ಶಾಸನಸಭೆಗಳ ಕಾರ್ಯವನ್ನು ಸ್ವರಾಜ್ಯ ಪಕ್ಷಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ನೂಲಿನ ಷರತ್ತನ್ನು ಸದಸ್ಯತ್ವದ ಆಧಾರವಾಗಿ ಪಡೆಯಲಾಯಿತು. ಬೆಳಗಾವಿಯ ಅಧಿವೇಶನ ಇದಕ್ಕೆ ಮುದ್ರೆಯೊತ್ತಿತು. ಅದುವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟವನು ಸದಸ್ಯ; ಇನ್ನು ಮುಂದೆ ವರ್ಷಕ್ಕೆ 24,000 ಗಜ ನೂಲು ಕೊಟ್ಟವನು. ಇಂದಿನ ಅಳತೆಯಲ್ಲಿ ಅದು ಸುಮಾರು 22 ಕಿಲೋಮೀಟರು ಉದ್ದದ ಎಳೆ. ಗಾಬರಿ ಹುಟ್ಟಿಸುವ ಈ ಸಂಖ್ಯೆಯನ್ನು ದಿನಕ್ಕೆ ಹಂಚಿದರೆ 67 ಗಜವಾಗುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ 15 ಗಂಟೆ ನೂತವನು, ಗಂಟೆಗೆ 133 ಗಜದ ವೇಗ ಸಾಧಿಸಿದರೆ ಸಾಕಿತ್ತು. ಕೈ ಪಳಗಿದ ನೂಲುಗಾರ್ತಿಗೆ ಇದು ಆಟ. ಹಂಜಿಯನ್ನು ಹಿಡಿದೇ ಅರಿಯದ ವಕೀಲನಿಗೆ, ಉಪಾಧ್ಯಾಯನಿಗೆ, ವರ್ತಕನಿಗೆ ಎಳೆ ತುಂಡಾದಂತೆಲ್ಲ ಅರ್ಧ ಗಂಟೆ ಒಂದಾಗಿ, ಒಂದು ಎರಡಾಗಿರಬೇಕು. ನಿಯಮವನ್ನು ಚಿಕ್ಕದೆಂದು ಕಾಣಿಸುವ ಗಣಿತ, ಅದನ್ನು ಪಾಲಿಸುವ ಕೈಯ ಅನುಭವವನ್ನು ಒಳಗೊಳ್ಳುವುದಿಲ್ಲ.

ಈ ನಿಯಮದಲ್ಲಿ ಒಂದು ಕಿಂಡಿಯನ್ನೂ ಇಡಲಾಗಿತ್ತು. ಕಾಯಿಲೆಯಿಂದಾಗಲಿ, ಮನಸ್ಸಿಲ್ಲದುದರಿಂದಾಗಲಿ, ಅಂಥ ಇನ್ನಾವುದೇ ಕಾರಣದಿಂದಾಗಲಿ ನೂಲಲಾಗದವರು ಇನ್ನೊಬ್ಬರು ನೂತ ಅಷ್ಟೇ ನೂಲನ್ನು ಒಪ್ಪಿಸಬಹುದಿತ್ತು. ಸ್ವರಾಜ್ಯ ಪಕ್ಷದೊಂದಿಗಿನ ರಾಜಿಯ ಫಲವಿದು. ಕಾಯಿಲೆಯ ಪಕ್ಕದಲ್ಲಿಯೇ ಅನಿಚ್ಛೆಯನ್ನೂ ಕೂರಿಸಿದ ಈ ವಾಕ್ಯ ನಮ್ಮ ಸಂಸ್ಥೆಗಳ ಇತಿಹಾಸದಲ್ಲಿಯೇ ಅಪರೂಪದ್ದು. ನೇಮದ ತಿರುಳು ಸ್ವಂತ ಕೈಯ ದುಡಿಮೆ ಎಂದಾದರೆ, ಇನ್ನೊಬ್ಬರ ಕೈಯಿಂದ ಅದನ್ನು ಪೂರೈಸಬಹುದೆಂಬ ಮಾತು ಆ ತಿರುಳನ್ನೇ ತೆಗೆದುಹಾಕುತ್ತದೆ. ಉಳಿಯುವುದು ಲೆಕ್ಕ ಮಾತ್ರ.

ಲೆಕ್ಕವಂತೂ ಕಟ್ಟುನಿಟ್ಟಾಗಿತ್ತು. ಅಹಮದಾಬಾದಿನ ಗೊತ್ತುವಳಿಯ ಬೆನ್ನಿಗೇ ಯಾವ ಪ್ರಾಂತದಿಂದ ಎಷ್ಟು ಜನ ನೂಲು ಕಳಿಸಿದರೆಂಬ ವಿವರಗಳು ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗತೊಡಗಿದ್ದವು. ಬೆಳಗಾವಿಯ ಅನಂತರ ಸದಸ್ಯರನ್ನು ಸ್ವತಃ ನೂತವರು, ಅನ್ಯರ ನೂಲು ಒಪ್ಪಿಸಿದವರು ಎಂಬ ಎರಡು ವರ್ಗಗಳಾಗಿ ಎಣಿಸಲಾಯಿತು. ದಂಡನೆ ಹೋದರೂ ಪಟ್ಟಿ ಉಳಿಯಿತು. ತನ್ನ ಪ್ರಾಂತದ ಸಂಖ್ಯೆ ನೆರೆಯ ಪ್ರಾಂತಕ್ಕಿಂತ ಕಡಿಮೆಯೆಂದು ಅಚ್ಚಿನಲ್ಲಿ ಓದುವ ಕಾರ್ಯಕರ್ತನ ಸಂಕೋಚ, ದಂಡನೆಗಿಂತ ಮೃದುವಾದದ್ದೇನೂ ಆಗಿರಲಾರದು. ನಾಚಿಕೆಯಿಂದ ನಡೆಯುವ ಶಿಸ್ತಿಗೆ ಒಂದು ಮಿತಿಯಿರುತ್ತದೆ. ನಿರೀಕ್ಷಿಸಿದಷ್ಟು ಸದಸ್ಯರು ದೊರೆಯಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿ ನಾಲ್ಕಾಣೆಯನ್ನು ಮರಳಿ ತಂದು, ನೂಲನ್ನು ಪರ್ಯಾಯವಾಗಿ, ಅದೂ ವರ್ಷಕ್ಕೆ 2000 ಗಜವಾಗಿ ಇಳಿಸಿತು. ನೂಲುವ ನೇಮವನ್ನು ಬಯಸಿದವರಿಗಾಗಿ ಅಖಿಲ ಭಾರತ ಚರಕಾ ಸಂಘ ಅದೇ ಸಭೆಯಲ್ಲಿ ಹುಟ್ಟಿತು. ಬೆಳಗಾವಿಯ ನಿಯಮದ ಆಯುಷ್ಯ ಒಂಬತ್ತು ತಿಂಗಳು.

ಅದೇ ಸೆಪ್ಟೆಂಬರಿನ ‘ಮಾಡರ್ನ್ ರಿವ್ಯೂ’ನಲ್ಲಿ ರವೀಂದ್ರನಾಥ ಠಾಕೂರರು ಚರಕಾ ಪಂಥವನ್ನು ವಿಮರ್ಶಿಸಿದ ಪ್ರಬಂಧ ಪ್ರಕಟವಾದದ್ದು ಕಾಲದ ಒಂದು ವಿಚಿತ್ರ ಹೊಂದಾಣಿಕೆ. ಚರಕದ ಬಗ್ಗೆ ಅವರಿಗೆ ಉತ್ಸಾಹವಿಲ್ಲವೆಂದು ವಿಜ್ಞಾನಿ ಪ್ರಫುಲ್ಲಚಂದ್ರ ರಾಯರು ಬಹಿರಂಗವಾಗಿ ಆಕ್ಷೇಪಿಸಿದ್ದರು. ಪ್ರಬಂಧಕ್ಕೆ ಅದೇ ನಿಮಿತ್ತ. ಎಲ್ಲರೂ ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ದಿನದಿನವೂ ಮಾಡುವುದರಿಂದ ಬುದ್ಧಿ ಜಡವಾಗುತ್ತದೆ, ಮನುಷ್ಯರ ವೈವಿಧ್ಯ ಅಳಿಯುತ್ತದೆ ಎಂಬುದು ಕವಿಯ ವಾದ. ನವೆಂಬರಿನಲ್ಲಿ ಉತ್ತರಿಸಿದ ಗಾಂಧೀಜಿ, ಕವಿ ಕಾವ್ಯವನ್ನಾಗಲಿ ರೈತ ನೇಗಿಲನ್ನಾಗಲಿ ಬಿಡಬೇಕೆಂದು ತಾವು ಕೇಳಿಲ್ಲ, ಕೇಳಿದ್ದು ದಿನದ ಮೂವತ್ತು ನಿಮಿಷ ಮಾತ್ರ ಎಂದರು. ಇಬ್ಬರೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರೆಂದು ನಮಗೆ ತೋರುತ್ತದೆ. ಗಾಂಧೀಜಿಯವರ ಗಮನ ಮೂವತ್ತು ನಿಮಿಷದ ಅಲ್ಪತೆಯ ಕಡೆಗೆ. ಠಾಕೂರರ ಗಮನ, ಆ ಮೂವತ್ತು ನಿಮಿಷ ಉಳಿದ ಇಪ್ಪತ್ತಮೂರೂವರೆ ಗಂಟೆಗಳ ಮೇಲೆ ಬೀರುವ ನೆರಳಿನ ಕಡೆಗೆ.

ಹಾಗೆಂದು ನೂಲುವ ನೇಮ ಕೇವಲ ಹೊರೆಯಾಗಿತ್ತೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಹಾವೇರಿ ಸೀಮೆಯ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರನ್ನು ನೆನೆಯಬೇಕು. ಸಾಬರಮತಿಗೆ ಹೋಗಿ ಆಶ್ರಮದ ಶಿಸ್ತಿನಲ್ಲಿ ಪಳಗಿದ ಈ ತರುಣ 1930ರ ದಂಡಿಯಾತ್ರೆಯ ತಂಡದಲ್ಲಿದ್ದ ಏಕೈಕ ಕನ್ನಡಿಗ. ಆ ಯಾತ್ರಿಕರು ನಡೆದು ದಣಿದ ಮೇಲೆಯೂ ಪ್ರಾರ್ಥನೆ ಮಾಡಬೇಕಿತ್ತು, ನೂಲಬೇಕಿತ್ತು, ದಿನಚರಿ ಬರೆಯಬೇಕಿತ್ತು. ಮಹಾದೇವಪ್ಪನವರು ಊರಿಗೆ ಮರಳಿ ಖಾದಿಯ ಕೆಲಸ ಕಟ್ಟಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅಂಥವರ ಕೈಯಲ್ಲಿ ನೂಲು ಲೆಕ್ಕದ ವಸ್ತುವಾಗಿರಲಿಲ್ಲ. ಇನ್ನೊಂದೆಡೆ, ಈ ಶಿಸ್ತನ್ನು ವಿಧಿಸಿದವರೂ ಅದರಿಂದ ಹೊರತಾಗಿರಲಿಲ್ಲ. 1927ರ ಮಾರ್ಚಿಯಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಲಾಪುರದಲ್ಲಿ ಗಾಂಧೀಜಿಯವರ ದೇಹ ಕುಸಿಯಿತು. ಏಪ್ರಿಲಿನಿಂದ ನಂದಿಬೆಟ್ಟದಲ್ಲಿ, ಬಳಿಕ ಬೆಂಗಳೂರಿನಲ್ಲಿ ಅವರು ತಿಂಗಳುಗಟ್ಟಲೆ ವಿಶ್ರಮಿಸಬೇಕಾಯಿತು. ಕನ್ನಡನಾಡು ಅವರನ್ನು ಅಷ್ಟು ದೀರ್ಘಕಾಲ ಇರಿಸಿಕೊಂಡದ್ದಕ್ಕೆ ಅವರ ಅತಿಶ್ರಮವೇ ಕಾರಣವೆಂಬುದನ್ನು ನಾವು ಹೆಮ್ಮೆಯ ಭರದಲ್ಲಿ ಮರೆಯುತ್ತೇವೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆಯನ್ನು ಹೋಲಿಕೆಗೆ ತರಬಹುದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೆ ಸಲ್ಲದು, ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ. ಅವಳ ಅಳತೆ ಮೇಲಿನ ಗೆರೆ: ಇದಕ್ಕಿಂತ ಹೆಚ್ಚು ಬೇಡ. ಬೆಳಗಾವಿಯ ಅಳತೆ ಕೆಳಗಿನ ಗೆರೆ: ಇದಕ್ಕಿಂತ ಕಡಿಮೆ ಸಾಲದು. ಮೇಲಿನ ಗೆರೆಯೊಳಗೆ ಬದುಕುವವನಿಗೆ ಆ ದಿನದ ಕೆಲಸ ಮುಗಿಯಿತೆಂಬುದು ತಿಳಿಯುತ್ತದೆ. ಕೆಳಗಿನ ಗೆರೆಯನ್ನು ಮುಟ್ಟಿದವನಿಗೆ ನಾಳೆಯ ಚಿಂತೆ ಇದ್ದೇ ಇರುತ್ತದೆ. ದಿನಕ್ಕೆ ಇಷ್ಟು ಹೆಜ್ಜೆ, ಇಷ್ಟು ಪುಟ, ಇಷ್ಟು ನಿಮಿಷ ಧ್ಯಾನ ಎಂದು ಕೈಗಡಿಯಾರದಿಂದಲೇ ಎಚ್ಚರಿಕೆ ಪಡೆಯುವ ಇಂದಿನ ಓದುಗರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆಳಗಾವಿಯ ನಿಯಮದಲ್ಲಿ ‘ಇನ್ನೊಬ್ಬರು’ ಎಂದು ಮಾತ್ರ ಕರೆಸಿಕೊಂಡವರ ವಿಷಯ ಉಳಿಯಿತು. ಮನಸ್ಸಿಲ್ಲದ ಸದಸ್ಯನ ಪಾಲಿನ 2000 ಗಜವನ್ನು ಯಾರೋ ನೂತೇ ಇರಬೇಕು. ಹಳ್ಳಿಗಳಲ್ಲಿ ಕೂಲಿಗೆ ನೂಲುತ್ತಿದ್ದವರು ಬಹುಮಟ್ಟಿಗೆ ಬಡ ಹೆಂಗಸರು. ಅವರ ದುಡಿಮೆ ದಿನದ ಅರ್ಧ ಗಂಟೆಯದಲ್ಲ, ಅವರಿಗೆ ಅದು ಆತ್ಮಸುಧಾರಣೆಯೂ ಅಲ್ಲ. ಅವರ ಕೂಲಿ ಕೆಲವೇ ಕಾಸುಗಳಷ್ಟಿದ್ದುದನ್ನು ಖಾದಿ ಸಂಸ್ಥೆಗಳು ಬಹುಕಾಲ ಸಹಜವೆಂದೇ ಭಾವಿಸಿದ್ದವು. 1935ರಲ್ಲಿ ಗಾಂಧೀಜಿಯೇ ಈ ಪ್ರಶ್ನೆಯನ್ನೆತ್ತಿ, ಎಂಟು ಗಂಟೆ ನೂತವಳಿಗೆ ಎಂಟಾಣೆ ಸಿಗಬೇಕೆಂದು ಪಟ್ಟು ಹಿಡಿದರು. ಅಷ್ಟು ಕೊಟ್ಟರೆ ಖಾದಿಯ ಬೆಲೆ ಏರುತ್ತದೆ, ಕೊಳ್ಳುವವರಿರುವುದಿಲ್ಲ ಎಂಬ ಆತಂಕ ಕಾರ್ಯಕರ್ತರಿಂದಲೇ ಬಂತು. ಚರಕಾ ಸಂಘ ಕೂಲಿಯನ್ನು ಏರಿಸಲು ಆ ವರ್ಷ ನಿರ್ಣಯಿಸಿತಾದರೂ, ಆ ಏರಿಕೆ ಎಂಟಾಣೆಯ ಬಹಳ ಕೆಳಗೇ ನಿಂತಿತು.