ಓಣಿಯಲ್ಲಿ ಹಿಡಿಯದ ತೊಟ್ಟಿಲು

ಅಪ್ಪನ ಲ್ಯಾಂಬ್ರೆಟಾ ಸ್ಕೂಟರಿನ ಎಡಮಗ್ಗುಲಿಗೆ ಒಂದು ಸೈಡ್‌ಕಾರ್ ಇತ್ತು. ದಾವಣಗೆರೆಯ ನಮ್ಮ ಓಣಿಯವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಅವ್ವ, ತಂಗಿ, ಸಂತೆಯ ಚೀಲ ಎಲ್ಲ ಅದರೊಳಗೆ. ನಾನು ಹಿಂದಿನ ಸೀಟಿನಲ್ಲಿ. ಅವ್ವ ಬಾರದ ದಿನ ಮಾತ್ರ ತೊಟ್ಟಿಲು ನನ್ನದು. ಅದೂ ಮಗನ ಮೇಲಿನ ಅಕ್ಕರೆಗಲ್ಲ. ಎಡಕ್ಕೆ ಹೊರಳುವಾಗ ಖಾಲಿ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಏಳುತ್ತದೆ, ಭಾರಕ್ಕೆ ಏನಾದರೂ ಬೇಕು. ನಾನಿಲ್ಲದಿದ್ದರೆ ಅರ್ಧ ಮೂಟೆ ಮರಳು.

ಗಾಡಿ ಮನೆತನಕ ಬರುತ್ತಿರಲಿಲ್ಲ. ಓಣಿಯ ಬಾಯಿ ಅಷ್ಟು ಕಿರಿದು. ರಾತ್ರಿಯೆಲ್ಲ ಹಿಟ್ಟಿನ ಗಿರಣಿಯ ಮುಂದೆ ನಿಂತಿರುತ್ತಿತ್ತು, ಅಪ್ಪ ಎರಡು ಸಲ ಎದ್ದು ಹೋಗಿ ನೋಡಿ ಬರುತ್ತಿದ್ದ.

ಇದೇ ತಾಪತ್ರಯ 1912ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಫ್ರೆಡ್ ವಾಟ್ಸನ್‌ಗೂ ಇತ್ತೆಂದು ಓದಿದಾಗ ಒಬ್ಬನೇ ನಕ್ಕೆ. ಅವನ ಮನೆಯ ದಾರಿಯೂ ಇಕ್ಕಟ್ಟು. ಆತ ಗಿರಣಿಯವನ ಹಂಗಿಗೆ ಬೀಳದೆ, ಮಡಚುವ ಸೈಡ್‌ಕಾರನ್ನೇ ಕಟ್ಟಿಕೊಂಡ. ಅದರಿಂದ ಹುಟ್ಟಿದ್ದು ವಾಟ್ಸೋನಿಯನ್ ಫೋಲ್ಡಿಂಗ್ ಸೈಡ್‌ಕಾರ್ ಕಂಪನಿ. ಸೈಡ್‌ಕಾರ್ ಎಂಬುದೇ ಆಗಿನ್ನೂ ಹೊಸತು. 1903ರ ಜನವರಿಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದು ಅದನ್ನು ವ್ಯಂಗ್ಯಚಿತ್ರವಾಗಿ ಅಚ್ಚು ಹಾಕಿತ್ತು. ಕೆಲವೇ ವಾರಗಳಲ್ಲಿ ಅದಕ್ಕೆ ಪೇಟೆಂಟೂ ಬಂತು. ನಗೆಯಾಡಲು ಬರೆದದ್ದರಲ್ಲಿ ಸಂಸಾರಸ್ಥರು ಕೂತು ಹೊರಟರು.

ಕಾರು ಕೊಳ್ಳಲಾಗದವರ ಕಾರು ಅದು. ಹಾಗಾಗಿ ಅದರ ಆಯುಸ್ಸು ಕಾರಿನ ಬೆಲೆಗೆ ಗಂಟುಬಿದ್ದಿತ್ತು. 1922ರಲ್ಲಿ ಬ್ಲ್ಯಾಕ್‌ಪೂಲ್ ಊರಿನಲ್ಲಿ ವಿಲಿಯಂ ವಾಮ್ಸ್‌ಲಿ, ವಿಲಿಯಂ ಲಯನ್ಸ್ ಎಂಬ ಇಬ್ಬರು ಸ್ವಾಲೋ ಸೈಡ್‌ಕಾರ್ ಕಂಪನಿ ತೆರೆದರು. ಲಯನ್ಸ್‌ಗೆ ಆಗ ಇಪ್ಪತ್ತೊಂದು. ಥಳಥಳಿಸುವ ಅಲ್ಯುಮಿನಿಯಂ ಹೊದಿಸಿದ ಅವರ ಸೈಡ್‌ಕಾರುಗಳು ಅಂದಕ್ಕೆ ಹೆಸರಾದವು. ಅದೇ ವರ್ಷ ಅಗ್ಗದ ಪುಟ್ಟ ಕಾರು ಆಸ್ಟಿನ್ ಸೆವೆನ್ ಕೂಡ ಬಂದುಬಿಟ್ಟಿತು. ಬೇರೆ ಯಾರಾದರೂ ಆ ಕಾರನ್ನು ಶಪಿಸುತ್ತಾ ಕೂರುತ್ತಿದ್ದರೇನೋ. ಲಯನ್ಸ್ ಘಾಟಿ. 1927ರಲ್ಲಿ ಅದೇ ಆಸ್ಟಿನ್ ಸೆವೆನ್‌ಗೆ ಚೆಂದದ ಮೈಕಟ್ಟು ಮಾಡಿ ಮಾರತೊಡಗಿದ, ಮರುವರ್ಷ ಕೊವೆಂಟ್ರಿಗೆ ಗುಳೆ ಎದ್ದ. ಮುಂದೆ ಕಂಪನಿ ಎಸ್.ಎಸ್. ಕಾರ್ಸ್ ಎಂದಾಯಿತು. ಮಹಾಯುದ್ಧ ಮುಗಿಯುವಷ್ಟರಲ್ಲಿ ಆ ಎರಡಕ್ಷರ ನಾಜಿಗಳ ಎಸ್.ಎಸ್. ಪಡೆಯಿಂದ ಕೆಟ್ಟಿದ್ದವು. 1945ರಲ್ಲಿ ಕಂಪನಿ ಹೆಸರು ಬದಲಿಸಿ ಜಾಗ್ವಾರ್ ಆಯಿತು. ಆ ಕಾರು ಕಂಡಾಗಲೆಲ್ಲ ನನಗೆ ಅದರ ಪಕ್ಕದಲ್ಲೊಂದು ತೊಟ್ಟಿಲು ಕಾಣುತ್ತದೆ.

ರಷ್ಯದ ಕತೆ ಬೇರೆ. ಜರ್ಮನಿಯ ಬಿಎಂಡಬ್ಲ್ಯು ಆರ್71ರ ಮಾದರಿಯಲ್ಲಿ ಎಂ-72 ಎಂಬ ಸೈಡ್‌ಕಾರ್ ಮೋಟಾರ್‌ಸೈಕಲ್ ಕಟ್ಟುತ್ತಿದ್ದ ಮಾಸ್ಕೋದ ಕಾರ್ಖಾನೆಯನ್ನು, 1941ರಲ್ಲಿ ಜರ್ಮನ್ ಸೇನೆ ಹತ್ತಿರ ಬಂದಾಗ, ಉರಾಲ್ ಬೆಟ್ಟಗಳಾಚೆಯ ಇರ್ಬಿಟ್‌ಗೆ ಸಾಗಿಸಿದರು. ಅಲ್ಲಿ ಸಿಕ್ಕ ಜಾಗ ಒಂದು ಬಿಯರ್ ಭಟ್ಟಿ. ಯುದ್ಧ ಮುಗಿದರೂ ಕೆಸರಿನ ಹಳ್ಳಿದಾರಿಗಳು ಇದ್ದೇ ಇದ್ದವು; ಆ ಕಾರ್ಖಾನೆಯ ಉರಾಲ್ ಸೈಡ್‌ಕಾರ್ ಬದುಕಿತು. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಅದರ ಜೋಡಣೆ ಕಝಾಕಸ್ತಾನದ ಪೆಟ್ರೊಪಾವ್ಲ್‌ಗೆ ಹೋಯಿತು. ಅದೇ ಕಂಪನಿಗೆ ಎರಡನೆಯ ಯುದ್ಧ, ಎರಡನೆಯ ಗುಳೆ.

ನಮ್ಮಲ್ಲಿ ಅಪ್ಪನ ಕಾಲಕ್ಕೆ ಫಿಯೆಟ್ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪನಿಗೆ ಹೆಸರು ಬರೆಸುವ ತಾಕತ್ತೂ ಇರಲಿಲ್ಲ. ತಂಗಿ ಮದುವೆಯಾಗಿ ಹೋದ ವರ್ಷ ಅವನು ಸ್ಕೂಟರ್ ಉಳಿಸಿಕೊಂಡು ತೊಟ್ಟಿಲು ಬಿಚ್ಚಿಸಿದ. ಅಡ್ಡ ಮಲಗಿಸಿ ಹೊತ್ತರೆ ಅದು ಓಣಿಯೊಳಗೆ ಸಲೀಸಾಗಿ ಬಂತು. ಹಿತ್ತಲಲ್ಲಿ ಅವ್ವನ ಕೋಳಿ ಅದರಲ್ಲಿ ಕಾವಿಗೆ ಕೂತಿತು.